ಪೇಪರ್ ಬರುತ್ತೆ, ವರದಿಗಾರ ಮಾತ್ರ ಇಲ್ಲ: ಗ್ಯಾನೆಟ್ ಕಂಪನಿಯ ಕತೆ

ಇವತ್ತಿನ ಮಾತು ಒಂದು ಊರಿನಿಂದ ಶುರು ಮಾಡೋಣ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಲಿನಾಸ್ ಅಂತ ಒಂದು ಊರಿದೆ. ಸುತ್ತ ಸೊಪ್ಪು, ಸ್ಟ್ರಾಬೆರಿ ಬೆಳೆಯೋ ಹೊಲಗಳು. ನೊಬೆಲ್ ಪಡೆದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಹುಟ್ಟಿದ ಊರು ಅದು. ಜನಸಂಖ್ಯೆ ಒಂದೂವರೆ ಲಕ್ಷಕ್ಕೂ ಹೆಚ್ಚು. ಅಲ್ಲಿನ ಪತ್ರಿಕೆ 'ಸಲಿನಾಸ್ ಕ್ಯಾಲಿಫೋರ್ನಿಯನ್', 1871ರಷ್ಟು ಹಳೇದು. 2022ರ ಕೊನೆಗೆ ಆ ಪತ್ರಿಕೆಯಲ್ಲಿ ಉಳಿದಿದ್ದ ಒಬ್ಬರೇ ಒಬ್ಬ ವರದಿಗಾರ ಕೆಲಸ ಬಿಟ್ಟರು. ಪತ್ರಿಕೆ ನಿಂತಿತಾ? ಇಲ್ಲ. ಬರ್ತಾನೇ ಇತ್ತು. ಬೇರೆ ಊರುಗಳ ಸುದ್ದಿ ತುಂಬಿಕೊಂಡು ಬರ್ತಿತ್ತು. ಸ್ವಂತ ಊರಿನದು ಅಂತ ಅದರಲ್ಲಿ ಉಳಿದಿದ್ದು ಮನೆಯವರು ದುಡ್ಡು ಕೊಟ್ಟು ಹಾಕಿಸೋ ಶ್ರದ್ಧಾಂಜಲಿಗಳು ಅಷ್ಟೇ.

ಈ ಪತ್ರಿಕೆಯ ಮಾಲೀಕರು ಯಾರು? ಗ್ಯಾನೆಟ್. ಅಮೆರಿಕದಲ್ಲಿ ಅತಿ ಹೆಚ್ಚು ದಿನಪತ್ರಿಕೆಗಳನ್ನ ಇಟ್ಟುಕೊಂಡಿರೋ ಕಂಪನಿ.

ಸ್ವಲ್ಪ ಹಿಂದಕ್ಕೆ ಹೋಗೋಣ. 1906ರಲ್ಲಿ ಫ್ರಾಂಕ್ ಗ್ಯಾನೆಟ್ ಅನ್ನೋರು ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಎಂಬ ಊರಲ್ಲಿ ಒಂದು ಪತ್ರಿಕೆಯಲ್ಲಿ ಪಾಲು ತಗೊಂಡರು. ಅಲ್ಲಿಂದ ಒಂದೊಂದೇ ಊರಿನ ಪತ್ರಿಕೆ ಕೊಳ್ಳುತ್ತಾ ಹೋಯ್ತು ಕಂಪನಿ. 1982ರಲ್ಲಿ ಅಲ್ ನ್ಯೂಹಾರ್ತ್ ಅನ್ನೋ ಮುಖ್ಯಸ್ಥರು 'ಯುಎಸ್ಎ ಟುಡೇ' ಶುರು ಮಾಡಿದರು. ಬಣ್ಣದ ಪುಟ, ಚಿಕ್ಕ ಚಿಕ್ಕ ಸುದ್ದಿ, ಇಡೀ ದೇಶಕ್ಕೆ ಒಂದೇ ಪೇಪರ್. ಇದರ ಜೊತೆಗೆ ಡೆಟ್ರಾಯ್ಟ್ ಫ್ರೀ ಪ್ರೆಸ್, ಅರಿಜೋನಾ ರಿಪಬ್ಲಿಕ್, ಇಂಡಿಯಾನಾಪೊಲಿಸ್ ಸ್ಟಾರ್ ಥರದ ದೊಡ್ಡ ಊರುಗಳ ಪತ್ರಿಕೆಗಳು. 1999ರಲ್ಲಿ ಬ್ರಿಟನ್ನಿನ ನ್ಯೂಸ್‌ಕ್ವೆಸ್ಟ್ ಕಂಪನಿಯೂ ಕೈಗೆ ಬಂತು.

ಮತ್ತೆ ಎಡವಟ್ಟು ಎಲ್ಲಾಯ್ತು? ಮೊದಲನೇ ಕಾರಣ ನಮ್ಮ ಕೈಯಲ್ಲೇ ಇದೆ, ಈ ಫೋನು. ಮನೆ ಬಾಡಿಗೆಗಿದೆ, ಕೆಲಸ ಖಾಲಿ ಇದೆ, ಹಳೇ ಕಾರು ಮಾರಾಟಕ್ಕಿದೆ ಅನ್ನೋ ಸಣ್ಣ ಜಾಹೀರಾತುಗಳೇ ಪತ್ರಿಕೆಗಳ ಅನ್ನ. ಅವೆಲ್ಲ ಇಂಟರ್‌ನೆಟ್‌ಗೆ ಹೋದವು. ದೊಡ್ಡ ಜಾಹೀರಾತು ಗೂಗಲ್, ಫೇಸ್‌ಬುಕ್ ಪಾಲಾಯ್ತು. ಇದರಲ್ಲಿ ಗ್ಯಾನೆಟ್ ತಪ್ಪು ಅಂತ ಹೇಳೋಕಾಗಲ್ಲ.

ಎರಡನೇ ಕಾರಣ ಮಾತ್ರ ಮನುಷ್ಯರು ಕೂತು ಮಾಡಿದ ತೀರ್ಮಾನ. 2015ರಲ್ಲಿ ಕಂಪನಿ ಪಾಲಾಯ್ತು. ಲಾಭ ತರ್ತಿದ್ದ ಟಿವಿ ಚಾನೆಲ್‌ಗಳು ಟೆಗ್ನಾ ಅನ್ನೋ ಬೇರೆ ಕಂಪನಿಗೆ, ಸೊರಗ್ತಿದ್ದ ಪತ್ರಿಕೆಗಳು ಗ್ಯಾನೆಟ್‌ಗೆ. ಅಣ್ಣತಮ್ಮಂದಿರು ಪಾಲು ಮಾಡ್ಕೊಂಡಾಗ ಒಬ್ಬನಿಗೆ ನೀರಾವರಿ ಗದ್ದೆ, ಇನ್ನೊಬ್ಬನಿಗೆ ಬರಡು ಹೊಲ ಬಂದ ಹಾಗೆ. ಒಂದೇ ಸಮಾಧಾನ, ಆಗ ಪತ್ರಿಕೆಗಳ ತಲೆ ಮೇಲೆ ಹೆಚ್ಚು ಸಾಲ ಇರಲಿಲ್ಲ.

2019ರಲ್ಲಿ ಅದೂ ಹೋಯ್ತು. ಗೇಟ್‌ಹೌಸ್ ಅನ್ನೋ ಇನ್ನೊಂದು ಪತ್ರಿಕಾ ಸರಣಿಯ ಮಾಲೀಕ ಕಂಪನಿ ಬಂದು ಗ್ಯಾನೆಟ್ ಅನ್ನು ಕೊಂಡುಕೊಳ್ತು. ಕೊಂಡವರು ತಮ್ಮ ಹೆಸರು ಬಿಟ್ಟು ಗ್ಯಾನೆಟ್ ಹೆಸರನ್ನೇ ಇಟ್ಟುಕೊಂಡರು. ಎರಡೂ ಸೇರಿದಾಗ 260ಕ್ಕೂ ಹೆಚ್ಚು ದಿನಪತ್ರಿಕೆಗಳು. ಕೊಳ್ಳೋಕೆ ದುಡ್ಡು? ಸಾಲ. ಅಪೊಲೊ ಅನ್ನೋ ಹೂಡಿಕೆ ಸಂಸ್ಥೆಯಿಂದ ಸುಮಾರು 180 ಕೋಟಿ ಡಾಲರ್, ಬಡ್ಡಿ ಶೇ 11.5.

ಲೆಕ್ಕ ಹಾಕಿ ನೋಡಿ. ಅಸಲು ಮುಟ್ಟದೇ ವರ್ಷಕ್ಕೆ ಬಡ್ಡಿಯೇ 20 ಕೋಟಿ ಡಾಲರ್ ದಾಟುತ್ತೆ. ಆದಾಯ ಇಳೀತಾ ಇರೋ ವ್ಯಾಪಾರದಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರ್ಬೇಕು? ಆಸ್ತಿ ಮಾರಿದರು, ಪತ್ರಿಕೆ ಮಾರಿದರು, ಮುಚ್ಚಿದರು, ಜನರನ್ನ ಮನೆಗೆ ಕಳಿಸಿದರು. 2022ರ ಆಗಸ್ಟ್ ಒಂದರಲ್ಲೇ 400 ಜನ ಕೆಲಸ ಕಳ್ಕೊಂಡರು. ಸಾಲ ಈಗ ಗಣನೀಯವಾಗಿ ಇಳಿದಿದೆ, ಅದು ನಿಜ. ಆದ್ರೆ ಅದನ್ನ ತೀರಿಸಿದ್ದರಲ್ಲಿ ಸಲಿನಾಸ್ ಥರದ ಊರುಗಳ ಪಾಲೂ ಇದೆ.

2023ರಲ್ಲಿ ಎರಡು ತಮಾಷೆ ನಡೆದವು. ಒಂದು, ಒಹಾಯೊದ 'ಕೊಲಂಬಸ್ ಡಿಸ್ಪ್ಯಾಚ್'ನಲ್ಲಿ ಹೈಸ್ಕೂಲ್ ಆಟಗಳ ವರದಿ ಬರೆಯೋಕೆ ಎಐ ಬಿಟ್ಟರು. ಗೆದ್ದ ತಂಡದ ಹೆಸರು ಬರಬೇಕಾದ ಕಡೆ ಕಂಪ್ಯೂಟರ್ ಕೋಡ್ ಹಾಗೇ ಅಚ್ಚಾಗಿತ್ತು! ಜನ ನಕ್ಕರು, ಕಂಪನಿ ಪ್ರಯೋಗ ನಿಲ್ಲಿಸ್ತು. ಎರಡು, ಗಾಯಕಿ ಟೇಲರ್ ಸ್ವಿಫ್ಟ್ ಬಗ್ಗೆ ಮಾತ್ರ ಬರೆಯೋಕೆ ಒಬ್ಬ ವರದಿಗಾರನನ್ನ ನೇಮಿಸಿದರು. ಸ್ವಿಫ್ಟ್ ಅಭಿಮಾನಿಗಳು ಬೈಕೋಬೇಡಿ, ಅದೂ ಪತ್ರಿಕೋದ್ಯಮವೇ. ಓದುಗರು ಎಲ್ಲಿದ್ದಾರೋ ಅಲ್ಲಿಗೆ ಹೋಗಬೇಕು ಅನ್ನೋದು ಕಂಪನಿಯ ಲೆಕ್ಕ. ಆದ್ರೆ ಒಬ್ಬ ಗಾಯಕಿಗೆ ಒಬ್ಬ ವರದಿಗಾರ, ಒಂದೂವರೆ ಲಕ್ಷ ಜನರ ಊರಿಗೆ ಸೊನ್ನೆ ಅಂದ್ರೆ ಯೋಚನೆ ಬರುತ್ತಲ್ವಾ?

"ವರದಿಗಾರ ಇಲ್ದಿದ್ರೆ ಏನೀಗ, ವಾಟ್ಸ್ಆ್ಯಪ್ ಗ್ರೂಪಲ್ಲಿ ಎಲ್ಲಾ ಗೊತ್ತಾಗುತ್ತೆ" ಅನ್ನೋರಿಗೆ ಒಂದು ಘಟನೆ ಹೇಳ್ತೀನಿ. 2016ರ ಆಗಸ್ಟ್‌ನಲ್ಲಿ ಗ್ಯಾನೆಟ್‌ನದೇ 'ಇಂಡಿಯಾನಾಪೊಲಿಸ್ ಸ್ಟಾರ್' ಒಂದು ತನಿಖಾ ವರದಿ ಹಾಕ್ತು. ಜಿಮ್ನಾಸ್ಟಿಕ್ಸ್ ಸಂಸ್ಥೆಗೆ ತರಬೇತುದಾರರ ಮೇಲೆ ಲೈಂಗಿಕ ದೌರ್ಜನ್ಯದ ದೂರು ಬಂದರೂ ಪೊಲೀಸರಿಗೆ ತಿಳಿಸಿರಲಿಲ್ಲ ಅಂತ. ಅದನ್ನ ಓದಿದ ರೇಚಲ್ ಡೆನ್‌ಹಾಲಂಡರ್ ಅನ್ನೋ ಮಾಜಿ ಜಿಮ್ನಾಸ್ಟ್ ಪತ್ರಿಕೆಗೆ ಒಂದು ಇಮೇಲ್ ಕಳಿಸಿದರು. ನನಗೆ ಹಿಂಸೆ ಕೊಟ್ಟವನು ಕೋಚ್ ಅಲ್ಲ, ತಂಡದ ಡಾಕ್ಟರ್ ಲ್ಯಾರಿ ನಾಸರ್ ಅಂತ. ವರದಿಗಾರರು ಬೆನ್ನು ಹತ್ತಿದರು. 2018ರ ಜನವರಿಯಲ್ಲಿ 150ಕ್ಕೂ ಹೆಚ್ಚು ಸಂತ್ರಸ್ತರ ಮಾತು ನ್ಯಾಯಾಲಯದಲ್ಲಿ ಕೇಳಿಬಂತು, ಅವನಿಗೆ 40ರಿಂದ 175 ವರ್ಷ ಜೈಲಾಯ್ತು.

ಆ ಇಮೇಲ್ ಓದೋಕೆ ಆ ಕಡೆ ಯಾರೂ ಇಲ್ದೇ ಹೋಗಿದ್ರೆ? ಇಡೀ ಕತೆಯ ಪ್ರಶ್ನೆ ಅಷ್ಟೇ.

2025ರ ನವೆಂಬರ್‌ನಲ್ಲಿ ಗ್ಯಾನೆಟ್ ಹೆಸರನ್ನೇ ಕಳಚಿಟ್ಟು ಕಂಪನಿ 'ಯುಎಸ್ಎ ಟುಡೇ ಕಂಪನಿ' ಆಯ್ತು. ಬೋರ್ಡು ಹೊಸದು, ಊರುಗಳು ಅವೇ.

ಪತ್ರಿಕೆ ಕೈ ಬದಲಾಗೋದು ನಮಗೂ ಹೊಸದಲ್ಲ. 2006ರಲ್ಲಿ 'ವಿಜಯ ಕರ್ನಾಟಕ' ಟೈಮ್ಸ್ ಸಮೂಹಕ್ಕೆ ಸೇರಿದ್ದು ನಿಮ್ಮಪ್ಪನಿಗೋ ಚಿಕ್ಕಪ್ಪನಿಗೋ ನೆನಪಿರುತ್ತೆ. ಮಾಲೀಕ ದೊಡ್ಡವನಾದ ತಕ್ಷಣ ಪತ್ರಿಕೆ ಕೆಡುತ್ತೆ ಅಂತಲ್ಲ. ನಾಸರ್ ಸುದ್ದಿ ತಂದದ್ದೂ ದೊಡ್ಡ ಕಂಪನಿಯ ಪತ್ರಿಕೆಯೇ. ನೋಡಬೇಕಾದ್ದು ಇಷ್ಟು: ಬಂದ ದುಡ್ಡು ಸುದ್ದಿಗೆ ಹೋಗ್ತಿದೆಯಾ, ಬಡ್ಡಿಗೆ ಹೋಗ್ತಿದೆಯಾ?

ನಾಳೆ ಬೆಳಗ್ಗೆ ಒಂದು ಕೆಲಸ ಮಾಡಿ. ಮನೆಗೆ ಬರೋ ಪೇಪರ್ ತಿರುಗಿಸಿ, ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಅಂತ ಇರೋ ಸಾಲು ಹುಡುಕಿ ಓದಿ. ಆಮೇಲೆ ಒಳಪುಟದಲ್ಲಿ ನಿಮ್ಮ ತಾಲ್ಲೂಕಿನ ಸುದ್ದಿ ಎಷ್ಟಿದೆ ಅಂತ ಎಣಿಸಿ. ಎಷ್ಟು ಸಿಕ್ತು ಅಂತ ನಮಗೂ ಹೇಳಿ.