ಗೇಣಿ ಹೊಲದ ಬೆಳೆ

ಸಾಮಾಜಿಕ ಜಾಲತಾಣಗಳ ಮೂಲಕ ಸರಕಿಗೆ ಗಿರಾಕಿ ಹುಡುಕಿಕೊಡುವ ಕಸುಬಿಗೆ ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್ ಎಂದು ಹೆಸರು. ಇಪ್ಪತ್ತೈದು ವರ್ಷಗಳ ಹಿಂದೆ ಹೀಗೊಂದು ಉದ್ಯೋಗವೇ ಇರಲಿಲ್ಲ. ಈಗ ಇದನ್ನೇ ಜೀವನೋಪಾಯ ಮಾಡಿಕೊಳ್ಳಬೇಕೆಂಬ ಹುಡುಗ ಹುಡುಗಿಯರು ಊರೂರಲ್ಲೂ ಇದ್ದಾರೆ. ಕೈಯಲ್ಲೊಂದು ಮೊಬೈಲ್ ಇದ್ದರಾಯಿತು, ಬಂಡವಾಳ ಬೇಕಿಲ್ಲ ಎಂಬ ಭರವಸೆ ಅವರನ್ನು ಸೆಳೆಯುತ್ತದೆ. ಆ ಭರವಸೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನನ್ನ ದೃಷ್ಟಿಯಲ್ಲಿ ಇದು ಗೇಣಿ ಬೇಸಾಯದಂಥ ಕಸುಬು. ಹೊಲ ಇನ್ನೊಬ್ಬರದು, ನಮ್ಮದೆಂದು ಹೇಳಿಕೊಳ್ಳಬಹುದಾದದ್ದು ಕೈಯಲ್ಲಿರುವ ಬೀಜ ಮಾತ್ರ. ಈ ಮಾತನ್ನು ಒಬ್ಬ ಉದ್ಯಮಿಯ ಬದುಕನ್ನು ಮುಂದಿಟ್ಟುಕೊಂಡು ಪರೀಕ್ಷಿಸೋಣ. ಅಮೆರಿಕದ ಗ್ಯಾರಿ ವೇಯ್ನರ್‌ಚಕ್ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು.

ವೇಯ್ನರ್‌ಚಕ್ ಹುಟ್ಟಿದ್ದು 1975ರಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಬೆಲಾರೂಸ್‌ನ ಬಾಬ್ರೂಯಿಸ್ಕ್ ಪಟ್ಟಣದಲ್ಲಿ. 1978ರಲ್ಲಿ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ತಂದೆ ನ್ಯೂಜೆರ್ಸಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮದ್ಯದಂಗಡಿ ನಡೆಸುತ್ತಿದ್ದರು. ಮಗ ಹದಿಹರೆಯದಲ್ಲೇ ಅಲ್ಲಿ ದುಡಿಯತೊಡಗಿ, 1998ರಲ್ಲಿ ಕಾಲೇಜು ಮುಗಿಸಿದ ಮೇಲೆ ಅಂಗಡಿಯ ಹೊಣೆ ಹೊತ್ತರು. ಅದಕ್ಕೆ ವೈನ್ ಲೈಬ್ರರಿ ಎಂಬ ಹೆಸರಿಟ್ಟು, ಜಾಲತಾಣದ ಮೂಲಕವೂ ಮಾರಾಟ ನಡೆಸಿದರು, ಗಿರಾಕಿಗಳಿಗೆ ಇಮೇಲ್ ಕಳುಹಿಸಿದರು, ಗೂಗಲ್‌ನ ಹುಡುಕಾಟದ ಜಾಹೀರಾತುಗಳನ್ನು ಅವು ಇನ್ನೂ ಹೊಸದಾಗಿದ್ದಾಗಲೇ ಕೊಂಡರು. ವರ್ಷಕ್ಕೆ ಸುಮಾರು 30 ಲಕ್ಷ ಡಾಲರ್ ಇದ್ದ ವಹಿವಾಟು ಕೆಲವೇ ವರ್ಷಗಳಲ್ಲಿ 6 ಕೋಟಿ ಡಾಲರ್ ಮುಟ್ಟಿತೆಂಬುದು ಅವರೇ ಕೊಡುವ ಲೆಕ್ಕ. ಇಷ್ಟೆಲ್ಲ ಆದ ಮೇಲೆ, 2006ರ ಫೆಬ್ರವರಿಯಲ್ಲಿ, ವೈನ್ ಲೈಬ್ರರಿ ಟಿವಿ ಎಂಬ ಅಂತರ್ಜಾಲ ಕಾರ್ಯಕ್ರಮ ಶುರುವಾಯಿತು. ಮೇಜಿನ ಮೇಲೆ ಒಂದಷ್ಟು ಬಾಟಲಿ, ಎದುರಿಗೆ ಒಂದು ಕ್ಯಾಮೆರಾ. ರುಚಿ ನೋಡುವುದು, ಅನಿಸಿದ್ದನ್ನು ಆಡುಮಾತಿನಲ್ಲಿ ಹೇಳುವುದು. ಅಂಗಡಿಯಲ್ಲೇ ಮಾರುವ ಬಾಟಲಿ ಹಿಡಿಸದಿದ್ದರೆ ಅದನ್ನೂ ಹೇಳುವುದು. 2011ರಲ್ಲಿ ನಿಲ್ಲಿಸುವ ಹೊತ್ತಿಗೆ ಸಾವಿರ ಕಂತುಗಳಾಗಿದ್ದವು.

ಘಟನೆಗಳು ನಡೆದ ಈ ಕ್ರಮವೇ ನನ್ನ ವಾದಕ್ಕೆ ಮೊದಲ ಸಾಕ್ಷಿ. ಕ್ಯಾಮೆರಾ ಬಂದದ್ದು ಕೊನೆಗೆ. ಅದಕ್ಕೂ ಮೊದಲು ಗಲ್ಲಾಪೆಟ್ಟಿಗೆಯ ಹಿಂದೆ ನಿಂತ ವರ್ಷಗಳಿದ್ದವು. ಯಾವ ದ್ರಾಕ್ಷಿಯ ರುಚಿ ಎಂಥದು, ಯಾವ ಗಿರಾಕಿ ಯಾವ ಬೆಲೆಗೆ ಹಿಂಜರಿಯುತ್ತಾನೆ ಎಂಬ ತಿಳಿವಳಿಕೆ ಅಲ್ಲಿ ಕೂಡಿಬಂದಿತ್ತು. ಅದು ಅವರ ಸ್ವಂತ ಬೀಜ. 2009ರಲ್ಲಿ ತಮ್ಮ ಎ.ಜೆ. ಜೊತೆ ವೇಯ್ನರ್‌ಮೀಡಿಯಾ ಸಂಸ್ಥೆ ಕಟ್ಟಿ, ದೊಡ್ಡ ಕಂಪನಿಗಳ ಪ್ರಚಾರವನ್ನು ಫೇಸ್‌ಬುಕ್, ಟ್ವಿಟರ್‌ಗಳಲ್ಲಿ ನಡೆಸಲು ಹೊರಟಾಗ ಬಿತ್ತಿದ್ದೂ ಅದನ್ನೇ. 2013ರ ಅವರ ಪುಸ್ತಕಕ್ಕೆ ಮುಷ್ಟಿಯುದ್ಧದಿಂದ ತೆಗೆದ ಹೆಸರಿದೆ: ಜ್ಯಾಬ್, ಜ್ಯಾಬ್, ಜ್ಯಾಬ್, ರೈಟ್ ಹುಕ್. ಮೊದಲು ಮತ್ತೆ ಮತ್ತೆ ಉಪಯುಕ್ತವಾದದ್ದನ್ನು ಕೊಡು, ಆಮೇಲೆ ಒಮ್ಮೆ ಕೊಳ್ಳಲು ಕೇಳು ಎಂಬುದು ಅದರ ತಿರುಳು. ಸಂತೆಯಲ್ಲಿ ಹಣ್ಣಿನ ಹೋಳು ಕೊಯ್ದು ಕೈಗಿಟ್ಟು, ತಿಂದು ನೋಡಿ ಎನ್ನುವ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಹೋಳನ್ನು ಕೊಡುವುದಕ್ಕೆ ಬುಟ್ಟಿಯಲ್ಲಿ ಹಣ್ಣಿರಬೇಕು.

ಇನ್ನು ಹೊಲದ ವಿಷಯ. ಫೇಸ್‌ಬುಕ್‌ನಲ್ಲಿ ಲಕ್ಷ ಜನ ಹಿಂಬಾಲಕರಿದ್ದರೂ, ಹಾಕಿದ ಬರಹ ಅವರಲ್ಲಿ ಎಷ್ಟು ಮಂದಿಯ ಕಣ್ಣಿಗೆ ಬೀಳಬೇಕೆಂದು ನಿರ್ಧರಿಸುವುದು ಕಂಪನಿಯ ಆಲ್ಗಾರಿದಮ್. 2018ರ ಜನವರಿಯಲ್ಲಿ ಮಾರ್ಕ್ ಝುಕರ್‌ಬರ್ಗ್, ಇನ್ನು ಮುಂದೆ ಸ್ನೇಹಿತರ ಮತ್ತು ಕುಟುಂಬದವರ ಮಾತಿಗೆ ಆದ್ಯತೆ, ವ್ಯಾಪಾರಿ ಪುಟಗಳು ಕಡಿಮೆ ಕಾಣುತ್ತವೆ ಎಂದು ಪ್ರಕಟಿಸಿದರು. ಓದುಗರ ದೃಷ್ಟಿಯಿಂದ ಅದು ಒಳ್ಳೆಯದೇ ಇರಬಹುದು. ಆದರೆ ವರ್ಷಗಟ್ಟಲೆ ದುಡಿದು ಪುಟ ಬೆಳೆಸಿದವರು ಅದೇ ಜನರನ್ನು ತಲುಪಲು ಜಾಹೀರಾತಿಗೆ ದುಡ್ಡು ಸುರಿಯಬೇಕಾಯಿತು. ನಮ್ಮ ದೇಶ ಇದಕ್ಕಿಂತ ಕಠಿಣವಾದ ಪಾಠ ಕಂಡಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಹೆಸರು ಮಾಡಿದ್ದ ಹಳ್ಳಿಗಳ, ಸಣ್ಣ ಊರುಗಳ ಪ್ರತಿಭೆಗಳು ಒಂದೇ ದಿನದಲ್ಲಿ ತಮ್ಮ ನೋಡುಗರನ್ನೆಲ್ಲ ಕಳೆದುಕೊಂಡವು. ನಿಷೇಧ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಉಳುವವನನ್ನೇ ಹೊಲದ ಒಡೆಯನನ್ನಾಗಿ ಮಾಡಿತು. ಜಾಲತಾಣದ ಗೇಣಿದಾರರಿಗೆ ಅಂಥ ಕಾನೂನು ಇಲ್ಲ.

ಪೇಟೆಯ ಅಂಗಡಿಯವರೂ ಬಾಡಿಗೆ ಮಳಿಗೆಯಲ್ಲೇ ಇರುತ್ತಾರಲ್ಲ, ಇದರಲ್ಲಿ ಹೊಸದೇನಿದೆ ಎಂದು ಕೇಳಬಹುದು. ವ್ಯತ್ಯಾಸವಿದೆ. ಮಳಿಗೆಗೆ ಕರಾರುಪತ್ರ ಇರುತ್ತದೆ, ತೆರವು ಮಾಡಲು ಅವಧಿ ಇರುತ್ತದೆ. ಪಕ್ಕದ ಬೀದಿಗೆ ಹೋದರೆ ಹಳೆಯ ಗಿರಾಕಿ ಹುಡುಕಿಕೊಂಡು ಬರುತ್ತಾರೆ. ಜಾಲತಾಣದಲ್ಲಿ ಗಿರಾಕಿಗಳ ಪಟ್ಟಿಯೇ ಒಡೆಯನ ಕೈಯಲ್ಲಿದೆ. ವೇಯ್ನರ್‌ಚಕ್ ಉಳಿದುಕೊಂಡದ್ದು ಯಾವ ಒಂದು ಹೊಲಕ್ಕೂ ಬದುಕನ್ನು ಕಟ್ಟಿಹಾಕದೆ ಇದ್ದುದರಿಂದ. ಇಮೇಲ್, ವಿಡಿಯೊ, ಟ್ವಿಟರ್, ಇನ್‌ಸ್ಟಾಗ್ರಾಮ್ ಎಂದು ಅವರು ದಾಟುತ್ತಲೇ ಬಂದರು. ಅವರ ಜೊತೆ ದಾಟಿ ಬಂದದ್ದು ಜನರ ವಿಶ್ವಾಸ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಅಪ್ಪನ ಅಂಗಡಿ ಇತ್ತು, ಒಳ್ಳೆಯ ಕಾಲ ಕೂಡಿಬಂತು, ಗೆದ್ದ ಒಬ್ಬನನ್ನು ತೋರಿಸಿ ಸೋತ ಸಾವಿರಾರು ಜನರನ್ನು ಮರೆಯುವುದು ನ್ಯಾಯವೇ? ಒಪ್ಪತಕ್ಕ ಮಾತು. ಅವರ ಗೆಲುವನ್ನು ಯಾರೂ ತಮಗೂ ಸಿಗುವ ಪಾಲೆಂದು ತಿಳಿಯಬಾರದು. ನಾನು ಎತ್ತಿ ತೋರಿಸುತ್ತಿರುವುದು ಆ ಬದುಕಿನ ರಚನೆಯನ್ನು ಮಾತ್ರ. ಆ ರಚನೆ ಸಡಿಲಿದಾಗ ಏನಾಗುತ್ತದೆಂದೂ ಅದೇ ಬದುಕು ತೋರಿಸುತ್ತದೆ. 2021ರಲ್ಲಿ ಅವರು ವೀಫ್ರೆಂಡ್ಸ್ ಹೆಸರಿನಲ್ಲಿ ಎನ್‌ಎಫ್‌ಟಿಗಳನ್ನು, ಅಂದರೆ ಒಡೆತನದ ಡಿಜಿಟಲ್ ಗುರುತುಗಳನ್ನು ಮಾರಿದರು. ಮರುವರ್ಷ ಆ ಮಾರುಕಟ್ಟೆಯೇ ಕುಸಿಯಿತು. ವೈನ್ ಹೇಗಿದೆಯೆಂದು ಗಿರಾಕಿಯ ನಾಲಗೆಯೇ ಹೇಳುತ್ತದೆ. ಇಲ್ಲಿ ಕೊಂಡವರಿಗೆ ಒರೆಗೆ ಹಚ್ಚಿ ನೋಡಲು ಅಂಥದ್ದೇನೂ ಇರಲಿಲ್ಲ, ಹೆಚ್ಚಿನಂಶ ಮಾರಿದವರ ಹೆಸರನ್ನೇ ನಂಬಬೇಕಿತ್ತು.

ವಿಶ್ವಾಸವೇ ಈ ಕಸುಬಿನ ಬಂಡವಾಳವಾದ್ದರಿಂದ ಅದರ ದುರುಪಯೋಗಕ್ಕೆ ಕಡಿವಾಣವೂ ಬೇಕು. 2023ರ ಜನವರಿಯಲ್ಲಿ ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಹೊರಡಿಸಿ, ಹಣ ಅಥವಾ ಉಡುಗೊರೆ ಪಡೆದು ಸರಕನ್ನು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು ವಿಧಿಸಿತು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡವಿದೆ. ಇಂಥ ನಿಯಮ ಪ್ರಾಮಾಣಿಕ ಉದ್ಯಮಿಗೆ ಹೊರೆಯೆಂದು ನನಗೆ ಅನಿಸುವುದಿಲ್ಲ. ಕಲಬೆರಕೆ ತಡೆದರೆ ಶುದ್ಧ ಸರಕಿನವನಿಗೇ ಲಾಭ.

ಆದ್ದರಿಂದ ಈ ದಾರಿ ಹಿಡಿಯಬೇಕೆಂದಿರುವ ಯುವಜನರು ವಿಡಿಯೊ ಮಾಡುವುದನ್ನು ಕಲಿಯಲಿ. ಜೊತೆಗೆ ಒಂದು ವಿಷಯವನ್ನು ಆಳವಾಗಿ ಕಲಿಯಲಿ. ಕಾಫಿಯಾಗಲಿ, ಕೈಮಗ್ಗದ ಸೀರೆಯಾಗಲಿ, ಪಂಪ್‌ಸೆಟ್ಟಿನ ರಿಪೇರಿಯಾಗಲಿ, ಅದರ ಬಗ್ಗೆ ನಿಮ್ಮ ಮಾತನ್ನು ಹತ್ತು ಜನ ನಂಬುವಂತಾಗಲಿ. ಆ ಹತ್ತು ಜನರ ಹೆಸರು, ವಿಳಾಸ, ಫೋನ್ ನಂಬರು ಅವರ ಒಪ್ಪಿಗೆಯಿಂದಲೇ ನಿಮ್ಮ ಪುಸ್ತಕದಲ್ಲಿರಲಿ. ಹೊಲ ಬಿಟ್ಟುಕೊಡಬೇಕಾದ ದಿನ ಬಂದರೆ, ಆ ಪುಸ್ತಕವೂ ಆ ತಿಳಿವಳಿಕೆಯೂ ನಿಮ್ಮೊಂದಿಗೆ ಹೊರಡುತ್ತವೆ.