ಹಳೇ ಮೆಷಿನ್, ಸಮನಾದ ಮೇವು

ಇವತ್ತು ಮೇವು ಕತ್ತರಿಸುವ ಮೆಷಿನ್ ಬಗ್ಗೆ ಮಾತಾಡೋಣ.

ತೇನಿ ಜಿಲ್ಲೆಯ ಮಾರ್ಕಯನ್‌ಕೋಟ್ಟೈ, ಚಿನ್ನಮನೂರು, ಕಂಬಂ ಇವೆಲ್ಲ ಒಂದೇ ಕಣಿವೆಯ ಊರುಗಳು. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿಯಿತು. ಆಮೇಲೆ ಈ ಕಣಿವೆಗೆ ನೀರು ಬಂತು. ನೀರಿದ್ದಲ್ಲಿ ಬತ್ತ. ಬತ್ತ ಇದ್ದಲ್ಲಿ ಹುಲ್ಲು. ಹುಲ್ಲು ಇದ್ದಲ್ಲಿ ದನ.

ಹಸು ಎಲೆ ತಿಂದು ದಂಟು ಬಿಡುತ್ತದೆ. ನೀವೂ ನೋಡಿದ್ದೀರಿ, ಅಲ್ಲವೇ? ಮೇವನ್ನು ಒಂದೇ ಸಮ, ಸುಮಾರು ಒಂದು ಅಂಗುಲಕ್ಕೆ ಕತ್ತರಿಸಿ ಹಾಕಿ. ಆಗ ಹಸು ಆರಿಸಿ ಬಿಡುವುದು ಕಷ್ಟ. ಗೋದಲಿಯಲ್ಲಿ ಮೇವು ಉಳಿಯುವುದು ಕಮ್ಮಿ.

ನಿಮ್ಮ ಹಳೇ ಮೆಷಿನ್ ಒಂದು ತುಂಡು ಗಿಡ್ಡ, ಒಂದು ತುಂಡು ಉದ್ದ ಮಾಡುತ್ತದೆಯೇ? ಹುಲ್ಲನ್ನು ಜಗಿದು ಉಗಿದ ಹಾಗೆ ಮಾಡುತ್ತದೆಯೇ? ಹೊಸದಕ್ಕೆ ಸಾಲ ಮಾಡಬೇಡಿ. ಮೊದಲು ಕಾರಣ ನೋಡಿ.

ಮೆಷಿನ್ ಮುಟ್ಟುವ ಮುಂಚೆ ಸ್ವಿಚ್ ಆರಿಸಿ. ಪ್ಲಗ್ ಕಿತ್ತು ಪಕ್ಕಕ್ಕಿಡಿ. ಚಕ್ರ ಪೂರ್ತಿ ನಿಲ್ಲಲಿ. ತಿರುಗದಂತೆ ಅದಕ್ಕೆ ಮರದ ಬೆಣೆ ಕೊಡಿ.

1. ಅಲಗು ಮೊಂಡಾಗಿದ್ದರೆ ಸಾಣೆ ಹಿಡಿಸಿ. ಇಳಿಜಾರು ಇರುವ ಕಡೆ ಮಾತ್ರ ಹಿಡಿಸಿ. ಚಪ್ಪಟೆ ಕಡೆ ಬೇಡ. ಸಾಣೆಕಲ್ಲಿಗೆ ಜೋರಾಗಿ ಒತ್ತಬೇಡಿ. ಅಲಗು ನೀಲಿ ಬಣ್ಣಕ್ಕೆ ತಿರುಗಿದರೆ ಅದರ ಹದ ಹೋಯಿತು. ಎರಡೂ ಅಲಗುಗಳನ್ನು ಸಮನಾಗಿ ಸವೆಸಿ. ಒಂದು ಹಗುರ, ಒಂದು ಭಾರ ಆದರೆ ಚಕ್ರ ಅದುರುತ್ತದೆ.

2. ಅಲಗು ಬಾಯಿಯ ಪಟ್ಟಿಗೆ ತೀರ ಹತ್ತಿರ ಇರಬೇಕು. ಆದರೆ ಉಜ್ಜಬಾರದು. ಎರಡು ಅಲಗಿಗೂ ಒಂದೇ ಸಂದು ಇರಲಿ. ಸಂದು ಜಾಸ್ತಿಯಾದರೆ ಹುಲ್ಲು ತುಂಡಾಗದೆ ಮಡಚಿಕೊಳ್ಳುತ್ತದೆ. ಅಲಗಿನ ಬೋಲ್ಟು ಸರಿಮಾಡಿ ಬಿಗಿ ಮಾಡಿ.

3. ಹುಲ್ಲು ಎಳೆಯುವ ಹಲ್ಲಿನ ಉರುಳೆ ನೋಡಿ. ಹಲ್ಲು ಸವೆದಿದ್ದರೆ, ಸ್ಪ್ರಿಂಗ್ ಸಡಿಲವಾಗಿದ್ದರೆ ಹುಲ್ಲು ಜಾರುತ್ತದೆ. ಆಗ ತುಂಡಿನ ಅಳತೆ ತಪ್ಪುತ್ತದೆ. ಸಿಕ್ಕಿದ ನಾರು ತೆಗೆಯಿರಿ. ಗೇರಿಗೆ ಗ್ರೀಸು ಹಾಕಿ.

ಈಗ ಬೆಣೆ ತೆಗೆಯಿರಿ. ಬಾಯಿಗೆ ನಾಲ್ಕು ಎಳೆ ಹುಲ್ಲು ಇಟ್ಟು ಕೈ ಹಿಂದಕ್ಕೆ ತನ್ನಿ. ಆಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ. ಎರಡೂ ಅಲಗು ಚಕ್ಕನೆ ಕತ್ತರಿಸಿದರೆ ಸರಿ. ಮುಚ್ಚಳ ಹಾಕಿದ ಮೇಲೆಯೇ ಪ್ಲಗ್ ಹಾಕಿ.

ಕೊನೆಗೊಂದು ಮಾತು. ಮೊಂಡು ಅಲಗಿಗೆ ಹುಲ್ಲು ಸಿಕ್ಕಿಕೊಳ್ಳುತ್ತದೆ. "ಒಂದು ನಿಮಿಷದ ಕೆಲಸ" ಎಂದು ಓಡುವ ಮೆಷಿನ್‌ಗೆ ಕೈ ಹಾಕುತ್ತೇವೆ. ಹಾಗೆ ಬೆರಳು ಕಳಕೊಂಡವರು ಹಳ್ಳಿಗಳಲ್ಲಿ ಇದ್ದಾರೆ. ಅಲಗು ಅಂಗಡಿಯಲ್ಲಿ ಸಿಗುತ್ತದೆ. ಬೆರಳು ಸಿಗುತ್ತದೆಯೇ? ಸೆರಗು, ಟವಲು ಬಿಗಿಯಾಗಿ ಕಟ್ಟಿ. ಮಕ್ಕಳನ್ನು ದೂರ ಇಡಿ.

ನೀವು ಈಗ ಬರೆಯಲು ಕಲಿತಿದ್ದೀರಿ. ಸಾಣೆ ಹಿಡಿಸಿದ ದಿನ, ಗ್ರೀಸು ಹಾಕಿದ ದಿನ, ಅಲಗಿನ ಅಳತೆ, ಮೂರನ್ನೂ ಪುಸ್ತಕದಲ್ಲಿ ಬರೆದಿಡಿ. ಅಂಗಡಿಗೆ ಹೋಗುವಾಗ ಆ ಪುಸ್ತಕ ಜೊತೆಗಿರಲಿ. ಬೇರೆಯವರನ್ನು ಕೇಳುವ ಕೆಲಸ ಇಲ್ಲ.