ಉದ್ಯಾನದಲ್ಲಿ ಕುಲಕಂಬಗಳು

ಕೆನಡಾ ದೇಶದ ಪಶ್ಚಿಮ ಕರಾವಳಿಯ ವಿಕ್ಟೋರಿಯಾ ನಗರದಲ್ಲಿ, ವಸ್ತುಸಂಗ್ರಹಾಲಯದ ಮಗ್ಗುಲಲ್ಲಿಯೇ ಥಂಡರ್‌ಬರ್ಡ್ ಪಾರ್ಕ್ ಎಂಬ ಉದ್ಯಾನವಿದೆ. ಹಕ್ಕಿ, ಕರಡಿ, ತಿಮಿಂಗಿಲ ಮೊದಲಾದ ರೂಪಗಳನ್ನು ಒಂದರ ಮೇಲೊಂದರಂತೆ ಕೆತ್ತಿದ ಎತ್ತರವಾದ ಮರದ ಕಂಬಗಳು ಅಲ್ಲಿ ನಿಂತಿವೆ. ಇವಕ್ಕೆ ಟೋಟೆಮ್ ಕಂಬಗಳೆಂದು ಹೆಸರು. ನಾವು ಕುಲಕಂಬಗಳೆಂದು ಕರೆಯಬಹುದು.

ಇವು ಪೂಜೆಯ ವಿಗ್ರಹಗಳೆಂದು ಹೊರಗಿನವರು ಅನೇಕರು ತಿಳಿದದ್ದುಂಟು. ಅದು ಸರಿಯಲ್ಲ. ಒಂದು ಮನೆತನದ ಮೂಲ, ಹಕ್ಕು, ಹಿರಿಮೆಗಳನ್ನು ಸಾರುವ ದಾಖಲೆಗಳಿವು. ಆದರೆ ಕಂಬ ನೆಟ್ಟ ಮಾತ್ರಕ್ಕೆ ಹಕ್ಕು ಸ್ಥಿರವಾಗದು. ನೆಂಟರನ್ನೂ ನೆರೆಯೂರಿನ ಮುಖಂಡರನ್ನೂ ಕರೆದು, ಉಣಬಡಿಸಿ, ಉಡುಗೊರೆ ಕೊಟ್ಟು, ಅವರನ್ನು ಸಾಕ್ಷಿಯಾಗಿ ನಿಲ್ಲಿಸಬೇಕು. ಈ ಸಮಾರಂಭಕ್ಕೆ ಪಾಟ್‌ಲ್ಯಾಚ್ ಎನ್ನುತ್ತಾರೆ.

ಕೆನಡಾ ಸರ್ಕಾರ 1885ರಿಂದ 1951ರವರೆಗೆ ಈ ಪಾಟ್‌ಲ್ಯಾಚನ್ನು ಕಾನೂನಿನಿಂದ ನಿಷೇಧಿಸಿತ್ತು. ಸಾಕ್ಷಿ ಕರೆಯುವುದೇ ಅಪರಾಧವಾದ ಮೇಲೆ ಕಂಬ ಕೆತ್ತಿಸುವವರಾರು? ಹಳೆಯ ಕಂಬಗಳಲ್ಲಿ ಕೆಲವು ಊರಿನಲ್ಲಿಯೇ ಮಳೆಗೆ ಕೊಳೆತವು; ಕೆಲವು ದೂರದ ಸಂಗ್ರಹಾಲಯಗಳಿಗೆ ಸಾಗಿಹೋದವು. ಕೆತ್ತನೆ ಬಲ್ಲ ಕೈಗಳು ವಿರಳವಾದವು.

1941ರಲ್ಲಿ ಈ ಉದ್ಯಾನವಾದಾಗ ಅಲ್ಲಿ ನಿಲ್ಲಿಸಿದ್ದು ಹಳೆಯ ಕಂಬಗಳನ್ನೇ. ಬಯಲಿನ ಗಾಳಿಮಳೆಗೆ ಅವು ಶಿಥಿಲವಾಗಲು, 1952ರಲ್ಲಿ ಸಂಗ್ರಹಾಲಯದವರು ಕ್ವಾಕ್ವಕವಕ್ವ ಜನಾಂಗದ ಮುಖಂಡರೂ ಕೆತ್ತನೆಯಲ್ಲಿ ನಿಪುಣರೂ ಆದ ಮಂಗೋ ಮಾರ್ಟಿನ್ನರನ್ನು ಕರೆಸಿದರು. ಅವರಿಗಾಗಲೇ ಎಪ್ಪತ್ತು ದಾಟಿತ್ತು. ಕೆಂಪು ಸೀಡರ್ ಮರದ ದಿಮ್ಮಿಯನ್ನು ಮಲಗಿಸಿ, ಬಾಚಿಯಿಂದ ಕೆತ್ತಿ, ಬಾಗಿದ ಅಲಗಿನ ಚಾಕುವಿನಿಂದ ನಯಗೊಳಿಸಿ, ಹಳೆಯ ಕಂಬಗಳ ಪ್ರತಿರೂಪಗಳನ್ನೂ ಹೊಸ ಕಂಬಗಳನ್ನೂ ಅವರು ಸಿದ್ಧಪಡಿಸಿದರು. ಮಗ ಡೇವಿಡ್, ಹೆನ್ರಿ ಹಂಟ್, ಹಂಟರ ಮಗ ಟೋನಿ ಇವರೆಲ್ಲ ಅವರೊಡನೆ ದುಡಿದರು.

ನಗರದವರಿಗೆ ಬೇಕಾಗಿದ್ದುದು ಉದ್ಯಾನಕ್ಕೊಪ್ಪುವ ಕಂಬಗಳು. ಮಾರ್ಟಿನ್ನರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಅದೇ ಉದ್ಯಾನದಲ್ಲಿ ತಮ್ಮ ಮನೆತನದ ಸಂಪ್ರದಾಯದ ದೊಡ್ಡ ಮನೆಯೊಂದನ್ನು ಕಟ್ಟಿ, 1953ರ ಡಿಸೆಂಬರಿನಲ್ಲಿ ಅದರ ಪ್ರವೇಶಕ್ಕೆ ಪಾಟ್‌ಲ್ಯಾಚ್ ನಡೆಸಿದರು. ನಿಷೇಧ ತೊಲಗಿದ ಮೇಲೆ ಬಹಿರಂಗವಾಗಿ ನಡೆದ ಮೊದಲನೆಯದೆಂದು ಅದು ಹೆಸರಾಗಿದೆ. ನೋಟಕ್ಕೆಂದು ಮಾಡಿದ ತೋಟದಲ್ಲಿ ಸಾಕ್ಷಿಗಳು ಮತ್ತೆ ಬಂದು ಕುಳಿತರು.

1956ರಲ್ಲಿ ಅದೇ ನಗರದ ಬೀಕನ್ ಹಿಲ್ ಪಾರ್ಕಿನಲ್ಲಿ, 120 ಅಡಿಗೂ ಮಿಗಿಲಾದ ಅವರ ಕಂಬವೊಂದು ಎದ್ದಿತು. 1962ರಲ್ಲಿ ಮಾರ್ಟಿನ್ನರು ತೀರಿಕೊಂಡರು. ಹಂಟ್ ತಂದೆಮಕ್ಕಳು ಕೆಲಸವನ್ನು ಮುಂದುವರಿಸಿದರು.

ಸೀಡರ್ ಎಷ್ಟು ಬಾಳಿಕೆಯ ಮರವಾದರೂ ಒಂದು ದಿನ ಮಣ್ಣಾಗತಕ್ಕದ್ದೇ. ಕೆತ್ತುವ ಕೈಯೂ ಸಾಕ್ಷಿ ನುಡಿಯುವ ಜನವೂ ಉಳಿದರೆ, ಬಿದ್ದ ಕಂಬದ ಎಡೆಯಲ್ಲಿ ಇನ್ನೊಂದು ಏಳುತ್ತದೆ.